ತಂಡಕ್ಕೆ ಎರಡನೆಯ ದಾಳಿಗಾರ

ಒಂಟೆತ್ತಿನಿಂದ ಕುಂಟೆ ಸಾಗದೆಂಬುದು ನಮ್ಮ ಕಡೆಯ ರೈತರೆಲ್ಲರೂ ಬಲ್ಲ ಸಂಗತಿ. ಕಬಡ್ಡಿಗೂ ಇದು ಸಲ್ಲುತ್ತದೆಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಕಾಲೇಜಿನ ತಂಡದಲ್ಲಿ ಮುಖ್ಯ ದಾಳಿಗಾರನಾಗಿದ್ದು, ಈಗ ಬಿಟ್ಟುಹೋಗುವ ಹೊತ್ತಿನಲ್ಲಿ, ಅದನ್ನು ಸಹಪಾಠಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ನಿಯಮವನ್ನು ನೋಡೋಣ. ಅಂಗಣದಲ್ಲಿ ಪ್ರತಿ ಪಕ್ಷಕ್ಕೆ 7 ಜನ; ಒಂದು ದಾಳಿಗೆ 30 ಸೆಕೆಂಡು. ಸಿಕ್ಕಿಬಿದ್ದ ದಾಳಿಗಾರ ಹೊರಗೆ ಕೂಡಬೇಕು. ತನ್ನವರು ಎದುರಾಳಿಯೊಬ್ಬನನ್ನು ಔಟು ಮಾಡಿದಾಗಲೇ ಅವನಿಗೆ ಮರುಜೀವ. ತಂಡಕ್ಕೆ ಒಬ್ಬನೇ ದಾಳಿಗಾರನಿದ್ದರೆ ಅವನನ್ನು ಒಳಗೆ ಕರೆತರುವವರಾರು? ಈಚಿನ ನಿಯಮದಂತೆ ಸತತ ಎರಡು ದಾಳಿಗಳು ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತಪ್ಪಿದರೆ ದಾಳಿಗಾರನೇ ಔಟು. ಮೇಲಾಗಿ, ಒಬ್ಬನೇ ಮತ್ತೆ ಮತ್ತೆ ಬಂದರೆ ಅವನ ಕಾಲು ಎತ್ತ ಚಾಚುವುದೆಂಬುದನ್ನು ಎದುರಾಳಿಗಳು ಬೇಗನೆ ಅರಿಯುತ್ತಾರೆ.

ಇದಕ್ಕೆ ಬೆಂಗಳೂರು ಬುಲ್ಸ್ ತಂಡವೇ ಉತ್ತಮ ನಿದರ್ಶನ. 2017ರ ಪ್ರೊ ಕಬಡ್ಡಿಯಲ್ಲಿ ನಾಯಕ ರೋಹಿತ್ ಕುಮಾರರು ದಾಳಿಯಿಂದಲೇ 200ಕ್ಕೂ ಮಿಕ್ಕಿ ಅಂಕ ಗಳಿಸಿದರು. ಆದರೂ ತಂಡ ಮುಂದಿನ ಸುತ್ತಿಗೇರಲಿಲ್ಲ. 2018ರಲ್ಲಿ ಗುಜರಾತ್ ತಂಡದಿಂದ ಪವನ್ ಸೆಹ್ರಾವತ್ ಮರಳಿ ಬಂದು 271 ದಾಳಿ ಅಂಕ ತಂದರು. ರೋಹಿತರ ಅಂಕಗಳು ಕಡಿಮೆಯಾದವು, ತಂಡದ ಬಲ ಹೆಚ್ಚಿತು. 2019ರ ಜನವರಿ 5ರ ಅಂತಿಮ ಪಂದ್ಯದಲ್ಲಿ ಅದೇ ಗುಜರಾತನ್ನು 38-33ರಿಂದ ಸೋಲಿಸಿ ಬುಲ್ಸ್ ಪ್ರಶಸ್ತಿ ಗೆದ್ದಿತು. ಅದರಲ್ಲಿ ಪವನರದೇ 22 ಅಂಕ. ಹೊಸಬನ ಬೆಲೆ ಅವನು ತರುವ ಅಂಕಗಳಷ್ಟೇ ಅಲ್ಲ, ಹಳಬನ ಹೆಗಲಿನಿಂದ ಇಳಿಸುವ ಭಾರವೂ ಹೌದು.

ಇನ್ನು ನನ್ನ ತಪ್ಪು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲಿಗನಿಗೆ ತಾನೊಬ್ಬನೇ ಎಂಬ ಭ್ರಮೆ ಬಹುಬೇಗ ಹತ್ತುತ್ತದೆ. ಕಳೆದ ವರ್ಷದ ಒಂದು ಪಂದ್ಯದಲ್ಲಿ, ಯಲಬುರ್ಗಾ ಕಡೆಯಿಂದ ಹೊಸದಾಗಿ ಬಂದಿದ್ದ ಹುಡುಗನೊಬ್ಬ, “ಅಣ್ಣಾರ, ಈ ಸಲ ನಾ ಹೋಗ್ಲೇನ್ರಿ?” ಎಂದ. “ನಿಂದ್ರೋ ತಮ್ಮಾ, ಇದು ನಿನ್ನ ಕೆಲಸಲ್ಲ” ಎಂದು ನಾನೇ ಹೋದೆ, ಸಿಕ್ಕಿಬಿದ್ದೆ. ಹೊರಗೆ ಕುಳಿತು, ನಮ್ಮವರು ಒಬ್ಬೊಬ್ಬರಾಗಿ ಔಟಾಗುವುದನ್ನು ನೋಡಿದೆ. ಆ ಸೋಲು ನನ್ನದು.

ಈ ವರ್ಷ ನಾನು ಬಲಬದಿಯಿಂದ ಹೋದರೆ ಅವನು ಎಡಬದಿಯಿಂದ ಹೋಗುತ್ತಾನೆ. ಎದುರಿನ ಮೂಲೆಯವರಿಗೆ ನಿಂತಲ್ಲಿ ನೆಲೆಯಿಲ್ಲ. ನನ್ನ ಅಂಕಗಳು ಇಳಿದಿವೆ ನಿಜ. ಆದರೆ ಹೊರಗೆ ಕುಳಿತ ನನ್ನನ್ನು ಅವನು ಎಷ್ಟೋ ಸಲ ಒಳಗೆ ಕರೆತಂದಿದ್ದಾನೆ. ಮೊದಲು ನನಗೆ ನಾಚಿಕೆಯಾಯಿತು, ಆಮೇಲೆ ಸಮಾಧಾನವಾಯಿತು.

ಎರಡನೆಯವನು ಸಿಕ್ಕನೆಂದು ಸುಮ್ಮನಿರಲಾಗದು, ಮೂರನೆಯವನೂ ಬೇಕು. ಗಂಗಾವತಿಯ ಕಾಲುವೆ ಬಯಲಿನಿಂದ, ಕುಷ್ಟಗಿ-ಯಲಬುರ್ಗಾಗಳ ಒಣನೆಲದಿಂದ, ಕೊಪ್ಪಳದ ಸುತ್ತಲ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗರಲ್ಲಿ ಕಾಲಿನ ಚುರುಕಿಗೆ ಬರವಿಲ್ಲ. ಬೇಕಾದುದು ಅವಕಾಶ. ಆದ್ದರಿಂದ ಮುಂದಿನ ನಾಯಕನಿಗೆ ನನ್ನದೊಂದೇ ವಿನಂತಿ: ಅಂಗಣದ ಹೊರಗೆ ಕುಳಿತ ಹುಡುಗ “ನಾ ಹೋಗ್ಲೇನ್ರಿ?” ಎಂದು ಕೇಳಿದರೆ, ಒಮ್ಮೆ ಕಳಿಸಿ ನೋಡು.