ದಿನಗಳನ್ನು ಎಣಿಸುವ ಬಗೆ

ಮನುಷ್ಯನ ಆಯುಸ್ಸು ಅಲ್ಪವೆಂಬುದನ್ನು ಅರಿಯದವರಾರು? ಆದರೆ ಆ ಅರಿವಿನ ಫಲ ಎಲ್ಲರಲ್ಲಿಯೂ ಒಂದೇ ಅಲ್ಲ. ಒಬ್ಬನು ‘ನಾಲ್ಕು ದಿನದ ಬಾಳು’ ಎಂದು ಭೋಗಕ್ಕೆ ತೊಡಗುತ್ತಾನೆ. ಮತ್ತೊಬ್ಬನು ಅದೇ ಮಾತನ್ನಾಡಿ ಕೈಕಟ್ಟಿ ಕುಳಿತುಬಿಡುತ್ತಾನೆ. ಕ್ರೈಸ್ತರ ಸತ್ಯವೇದದಲ್ಲಿ ಮೋಶೆಯ ಪ್ರಾರ್ಥನೆಯೆಂದು ಹೆಸರಾದ ತೊಂಬತ್ತನೆಯ ಕೀರ್ತನೆಯು ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅದು ನರಾಯುಸ್ಸನ್ನು ಎಪ್ಪತ್ತು, ಬಲವಿದ್ದರೆ ಎಂಬತ್ತು ವರ್ಷವೆಂದು ಲೆಕ್ಕಹಾಕುತ್ತದೆ. ಆ ಬಳಿಕ ಆಯುಸ್ಸನ್ನು ಹೆಚ್ಚಿಸೆಂದು ಬೇಡದೆ, ದಿನಗಳನ್ನು ಎಣಿಸುವ ವಿವೇಕವನ್ನು ಬೇಡುತ್ತದೆ. ನಮ್ಮ ಕೈಗೆಲಸಕ್ಕೆ ಸ್ಥೈರ್ಯವನ್ನು ಕೊಡುವ ಭಾರವನ್ನು ದೇವರ ಮೇಲಿರಿಸಿ ಮುಗಿಯುತ್ತದೆ.

ಈ ತತ್ತ್ವವು ಭಂಡಿಗಡಿಯಂಥ ಮಲೆನಾಡಿನ ಊರುಗಳ ಗೃಹಸ್ಥರಿಗೆ ಅಪರಿಚಿತವಲ್ಲ. ಅಡಕೆಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಆದರೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಔಷಧಿಯನ್ನು ಮಳೆ ಬಿಡುವು ಕೊಟ್ಟ ದಿನವೇ ಹೊಡೆಯಬೇಕು. ‘ನಾಳೆ’ ಎಂದರೆ ಗೊನೆಯೇ ಉದುರೀತು. ಫಲವು ದೂರದ್ದು, ಕರ್ತವ್ಯವು ಇಂದಿನದು.

ಇದೇ ಬಗೆಯಾಗಿ ದುಡಿದವರೊಬ್ಬರು ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ಲರು. ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ. ಅದೇ ವರ್ಷ ಮದ್ರಾಸಿನಲ್ಲಿ ವಿಲಿಯಂ ರೀವ್ ಎಂಬ ಪಾದ್ರಿಗಳ ಕನ್ನಡ ಕೋಶವು ಹೊರಬಿದ್ದಿತ್ತು. ಬಾಸೆಲ್ ಮಿಷನ್ನಿನ ಸೇವಕರಾಗಿ 1853ರಲ್ಲಿ ಬಂದ ಕಿಟ್ಟೆಲ್ಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ನಿಘಂಟು ಬೆಳಕು ಕಂಡದ್ದು 1894ರಲ್ಲಿ. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ದಿನಕ್ಕೆ 10 ಶಬ್ದಗಳಂತೆ ಎಣಿಸಿದರೂ 7,000 ದಿನಗಳಾದವು. ಎಂದರೆ 19 ವರ್ಷಗಳಿಗೂ ಮೇಲೆ! ಅರ್ಥವನ್ನು ಮಾತ್ರವಲ್ಲದೆ ತತ್ಸಮ-ತದ್ಭವ ಸಂಬಂಧ, ಸೋದರ ಭಾಷೆಗಳ ರೂಪ, ಕಾವ್ಯಪ್ರಯೋಗ, ಗಾದೆ ಇವುಗಳನ್ನೂ ಅಲ್ಲಲ್ಲಿ ಕೂಡಿಸಿದ್ದಾರೆ. 1903ರಲ್ಲಿ ಅವರು ತೀರಿಕೊಂಡರು. 1968ರಿಂದ 1971ರ ವರೆಗೆ ಮದ್ರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರಿಂದ ಆ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಕಿಟ್ಟೆಲ್ಲರಿಗಾದರೋ ಕೈಹಿಡಿದ ಕಾರ್ಯವು ಮುಗಿಯಿತು. ಮುಗಿಯದವರ ಗತಿಯೇನೆಂದು ವಾಚಕರು ಕೇಳಬಹುದು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಆ ಪತ್ರಿಕೆಯು ಬಹುಕಾಲ ಬಾಳಲಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ಸ್ಮರಿಸಿ, ಜುಲೈ 1ನ್ನು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಕಾರ್ಯದ ಬೆಲೆಯನ್ನು ಅದರ ದೀರ್ಘತೆಯಿಂದ ಅಳೆಯಲಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮರಣವೇ ಕೊನೆಯಲ್ಲವೆಂಬ ಪುನರುತ್ಥಾನದ ನಂಬುಗೆಯುಳ್ಳವನು ಅರ್ಧಕ್ಕೆ ನಿಂತ ಕೆಲಸಕ್ಕಾಗಿ ಧೈರ್ಯಗೆಡಬೇಕಾದುದಿಲ್ಲ.

ಎಲ್ಲರೂ ಕೋಶಗಳನ್ನು ಬರೆಯಲಾರೆವು, ನಿಜ. ಗೃಹಸ್ಥನ ದಿನಗಣನೆಗೆ ಸತ್ಯವೇದವು ಸುಲಭವಾದ ಮೇರೆಯನ್ನೇ ಕೊಟ್ಟಿದೆ, ಅದು ಸೂರ್ಯಾಸ್ತ. ಬಡ ಕೂಲಿಯವನ ಕೂಲಿಯನ್ನು ಅಂದಿನ ಹೊತ್ತು ಮುಳುಗುವುದರೊಳಗೆ ಸಲ್ಲಿಸತಕ್ಕದ್ದೆಂದು ಧರ್ಮೋಪದೇಶಕಾಂಡವು ವಿಧಿಸುತ್ತದೆ. ಕೋಪಕ್ಕೂ ಅದೇ ಮೇರೆಯನ್ನು ಎಫೆಸದ ಸಭೆಗೆ ಬರೆದ ಪತ್ರಿಕೆಯು ಹಾಕಿದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವ ಅನ್ನವೂ ಒಂದು ದಿನದ್ದೇ. ತೋಟದಲ್ಲಿ ದುಡಿದವನಿಗೆ ‘ಮುಂದಿನ ವಾರ ನೋಡೋಣ’ ಎಂದವರು, ಪಾಲಿನ ವ್ಯಾಜ್ಯದಿಂದ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರು, ಹಾಸಿಗೆ ಹಿಡಿದ ನೆರೆಯವರನ್ನು ಬಿಡುವಾದಾಗ ನೋಡುವೆನೆಂದವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಆ ಬಿಡುವು ಬರುವುದಕ್ಕೆ ಮುನ್ನ ನೆರೆಯವರೇ ಇಲ್ಲವಾದರೆ ಯಾರ ಬಳಿಗೆ ಹೋಗೋಣ?

ನಾವು ಅರವತ್ತನ್ನು ಮುಟ್ಟಿದವರು. ಕೀರ್ತನೆಯ ಮೊದಲ ಲೆಕ್ಕದಂತೆ ನಮಗುಳಿದದ್ದು ಹತ್ತು ವರ್ಷ, ಸುಮಾರು 3,650 ದಿನಗಳು. ತರುಣ ವಾಚಕರ ಗಂಟು ಇದಕ್ಕಿಂತ ದೊಡ್ಡದಿರಬಹುದು. ಆದರೆ ಅದರಿಂದಲೂ ಒಂದೊಂದಾಗಿಯೇ ದಿನವನ್ನು ತೆಗೆದು ವೆಚ್ಚಮಾಡಬೇಕಷ್ಟೆ. ಈ ಸಂಜೆ ದೀಪ ಹಚ್ಚುವುದಕ್ಕೆ ಮೊದಲು ಯಾರಿಗೆ ಕೊಡತಕ್ಕದ್ದು ಉಳಿದಿದೆ, ಯಾರೊಡನೆ ಆಡತಕ್ಕ ಮಾತು ನಿಂತಿದೆ ಎಂದು ಪ್ರತಿಯೊಂದು ಮನೆಯಲ್ಲಿಯೂ ಕೇಳಿಕೊಳ್ಳೋಣ.