ಮೊಮ್ಮಕ್ಕಳೊಡನೆ ಒಂದು ಬೇಸಿಗೆ: ವಿಡಿಯೋ ಆಟಗಳ ಅನುಭವ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿ ಅರವತ್ತು ದಾಟಿದ ವ್ಯಕ್ತಿಯೊಬ್ಬನು ವಿಡಿಯೋ ಆಟಗಳನ್ನು ಕುರಿತು ಬರೆಯಲು ಹೊರಟರೆ ವಾಚಕರಿಗೆ ಸೋಜಿಗವೆನಿಸುವುದು ಸಹಜ. ಆದರೆ ಈಚಿನ ವರ್ಷಗಳಲ್ಲಿ ಕೊಂಡಜ್ಜಿಯಲ್ಲಾಗಲಿ, ಹರಿಹರ, ದಾವಣಗೆರೆಗಳಲ್ಲಾಗಲಿ ಯಾವ ಮನೆಗೆ ಹೋದರೂ ತಾಯಂದಿರಿಂದ ಕೇಳಿಬರುವ ಮೊದಲ ಮಾತು ಒಂದೇ: “ಅಜ್ಜಾರೆ, ಈ ಹುಡುಗ ಹೊತ್ತುಗೊತ್ತಿಲ್ಲದೆ ಮೊಬೈಲ್‌ನಾಗೆ ಆಟ ಆಡ್ತಾನ್ರಿ. ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ.” ಬುದ್ಧಿ ಹೇಳಬೇಕಾದರೆ ವಿಷಯದ ಅರಿವು ಬೇಕು. ಎದುರುವಾದಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ನಿರೂಪಿಸಿದ ಮೇಲಷ್ಟೇ ಅದನ್ನು ಖಂಡಿಸಬೇಕೆಂಬುದು ಪಾಠಶಾಲೆಯಲ್ಲಿ ನಮಗೆ ಕಲಿಸಿದ ಪದ್ಧತಿ. ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಆದ್ದರಿಂದ ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮಕ್ಕಳಿಬ್ಬರು ಊರಿಗೆ ಬಂದಾಗ ಅವರ ಪಕ್ಕದಲ್ಲಿ ಕುಳಿತು, ಅವರು ಆಡುವ ಆಟಗಳನ್ನು ನಾನೂ ಆಡಿ ನೋಡಿದೆ. ಮೊಮ್ಮಗ ಏಳನೆಯ ತರಗತಿಯವನು; ಮೊಮ್ಮಗಳು ಕಾಲೇಜಿನವಳು. ಈ ವಿದ್ಯೆಯಲ್ಲಿ ಅವರೇ ನನಗೆ ಗುರುಗಳು. ಅಲ್ಲಿ ಕಂಡುದನ್ನು ಕಂಡ ಹಾಗೆ ವಾಚಕರ ಮುಂದಿಡುತ್ತಿದ್ದೇನೆ.

ಪಗಡೆಯ ದಾಯಾದಿ

ಮೊದಲು ಆಡಿದ್ದು ಲೂಡೊ. ಮುಂಬಯಿಯ ಸಂಸ್ಥೆಯೊಂದು 2016ರಲ್ಲಿ ಹೊರತಂದ ‘ಲೂಡೊ ಕಿಂಗ್’ ಎಂಬ ಈ ಆಟವು 2020ರ ಲಾಕ್‌ಡೌನ್ ಕಾಲದಲ್ಲಿ ಮನೆಮನೆಯನ್ನೂ ತಲುಪಿತು. ಪರದೆಯ ಮೇಲೆ ನಾಲ್ಕು ಬಣ್ಣದ ಮನೆಗಳನ್ನು ಕಂಡೊಡನೆಯೇ ಇದು ನಮ್ಮ ಪಗಡೆ, ಚೌಕಾಬಾರಗಳ ದಾಯಾದಿಯೆಂದು ತಿಳಿಯಿತು. ಭಾರತದ ಪಚ್ಚೀಸಿ ಆಟವನ್ನು ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟವೇ ಲೂಡೊ. ನಮ್ಮ ಆಟ ಕಡಲು ದಾಟಿ, ಹೆಸರು ಬದಲಿಸಿಕೊಂಡು, ಮೊಬೈಲ್ ಫೋನಿನಲ್ಲಿ ಮರಳಿ ಮನೆಗೆ ಬಂದಿದೆ.

ನಮ್ಮ ಬಾಲ್ಯದಲ್ಲಿ ಪಡಸಾಲೆಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದ ಐದೈದು ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ನಾಲ್ಕು ಕವಡೆ, ಇಲ್ಲವೇ ಒಂದು ಮಗ್ಗುಲು ತೇಯ್ದ ಹುಣಸೆಬೀಜಗಳೇ ದಾಳ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಮೊಬೈಲ್‌ನಲ್ಲಿ ದಾಳ ಉರುಳಿಸುವುದೂ ಎಣಿಸುವುದೂ ಯಂತ್ರವೇ. ಅಲ್ಲಿ ಮೋಸಕ್ಕೆ ಎಡೆಯಿಲ್ಲ, ಜಗಳಕ್ಕೂ ಎಡೆಯಿಲ್ಲ. ಕವಡೆ ಓರೆಯಾಗಿ ಬಿತ್ತೆಂದು ವಾದಿಸುವುದು, ಕೊನೆಗೆ ಅಜ್ಜಿಯ ತೀರ್ಪಿಗೆ ತಲೆಬಾಗಿ ಆಟ ಮುಂದುವರಿಸುವುದು, ಇವೂ ಹಳೆಯ ಆಟದ ಶಿಕ್ಷಣವೇ ಆಗಿದ್ದವು. ಆದರೂ ಒಂದು ಸಂಗತಿಯನ್ನು ಒಪ್ಪಲೇಬೇಕು. ಬೆಂಗಳೂರಿನಲ್ಲಿರುವ ನನ್ನ ತಂಗಿ, ದಾವಣಗೆರೆಯಲ್ಲಿರುವ ಮಗಳು, ಕೊಂಡಜ್ಜಿಯಲ್ಲಿರುವ ನಾನು ಮೂವರೂ ಒಂದೇ ಪಟದ ಸುತ್ತ ಒಂದು ಸಂಜೆ ಕಳೆದೆವು. ಸೀಮೆಸುಣ್ಣದ ಪಟಕ್ಕೆ ಈ ಶಕ್ತಿಯಿರಲಿಲ್ಲ.

ಹಿರಿಯರು ಆಟಗಳನ್ನು ಕೀಳಾಗಿ ಕಂಡವರಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಸ್ವತಃ ಅನೇಕ ಪಟದ ಆಟಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳಿಗೇ ಮೀಸಲು. ಇಂದು ಮಕ್ಕಳು ಆಡುವ ಹಾವು ಏಣಿಯಾಟದ ಮೂಲವೂ ನಮ್ಮ ದೇಶದ್ದೇ. ಹಳೆಯ ಪಟಗಳಲ್ಲಿ ಏಣಿಗಳಿಗೆ ಸದ್ಗುಣಗಳ ಹೆಸರು, ಹಾವುಗಳಿಗೆ ದುರ್ಗುಣಗಳ ಹೆಸರು ಇರುತ್ತಿದ್ದವು. ಆಟವು ಆಡುವವನಿಗೆ ಏನನ್ನಾದರೂ ಕಲಿಸಿಯೇ ಕಲಿಸುತ್ತದೆಯೆಂಬ ತಿಳಿವಳಿಕೆ ಆ ಕಾಲದವರಿಗಿತ್ತು. ಇಂದಿನ ಆಟಗಳನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಸೋಲೇ ಕೊನೆಯಾದ ಆಟ

ಎರಡನೆಯದು ‘ಟೆಟ್ರಿಸ್’. 1980ರ ದಶಕದ ನಡುಭಾಗದಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬ ಗಣಕತಜ್ಞರು ಇದನ್ನು ರಚಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಜೋಡಿಸಬೇಕು. ಅಡ್ಡಸಾಲು ಪೂರ್ತಿ ತುಂಬಿದರೆ ಅದು ಮಾಯವಾಗುತ್ತದೆ. ಕಥೆಯಿಲ್ಲ, ಶತ್ರುವಿಲ್ಲ, ರಕ್ತವಿಲ್ಲ. ಗೋಡೆ ಕಟ್ಟುವ ಗೌಂಡಿಯ ಕಣ್ಣು ಇದ್ದವನು ಇದರಲ್ಲಿ ಬೇಗ ಪಳಗುತ್ತಾನೆ.

ಇದರ ವಿಶೇಷವೆಂದರೆ ಇಲ್ಲಿ ಗೆಲುವೆಂಬುದೇ ಇಲ್ಲ. ಆಡಿದಷ್ಟೂ ವೇಗ ಹೆಚ್ಚುತ್ತದೆ. ಕೊನೆಗೆ ತುಂಡುಗಳು ಮೇಲಿನವರೆಗೆ ತುಂಬಿ ಆಟ ಮುಗಿಯುತ್ತದೆ. 2023ರ ಡಿಸೆಂಬರ್‌ನಲ್ಲಿ 13 ವರ್ಷದ ಅಮೆರಿಕದ ಬಾಲಕನೊಬ್ಬ ಇದರ ಹಳೆಯ ಆವೃತ್ತಿಯನ್ನು ಎಷ್ಟು ದೂರ ಆಡಿದನೆಂದರೆ, ಆಟದ ಯಂತ್ರವೇ ಲೆಕ್ಕ ತಪ್ಪಿ ಸ್ತಬ್ಧವಾಯಿತು. ಅಲ್ಲಿಯವರೆಗೆ ಆ ಹಂತವನ್ನು ಯಾವ ಮನುಷ್ಯನೂ ಮುಟ್ಟಿರಲಿಲ್ಲ. ನಾನು ಮಾತ್ರ ಕೆಲವೇ ನಿಮಿಷಗಳಲ್ಲಿ ಸೋತು, ಮತ್ತೊಮ್ಮೆ, ಮತ್ತೊಮ್ಮೆ ಎಂದು ಆಡುತ್ತ ಹೋದೆ. ಒಂದು ಸಂಜೆ ಗಡಿಯಾರ ನೋಡಿದಾಗ ಒಂದೂವರೆ ಗಂಟೆ ಕಳೆದಿತ್ತು. ‘ಇನ್ನೊಂದೇ ಒಂದು ಆಟ’ ಎಂದು ಮಗು ಗೋಗರೆಯುವಾಗ ಅದರ ಮನಸ್ಸಿನಲ್ಲಿ ನಡೆಯುವುದೇನೆಂದು ಅಂದು ತಿಳಿಯಿತು. ಅದು ಹಟಮಾರಿತನವಷ್ಟೇ ಅಲ್ಲ. ಆಟವನ್ನು ಕಟ್ಟಿದವರೇ ನಿಲ್ಲುವ ಜಾಗವನ್ನು ಇಟ್ಟಿಲ್ಲ.

ಬತ್ತದ ಕೆರೆ

ಮೊಮ್ಮಗನಿಗೆ ಅಚ್ಚುಮೆಚ್ಚಿನದು ‘ಮೈನ್‌ಕ್ರಾಫ್ಟ್’. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬುವರು ಆರಂಭಿಸಿದ ಈ ಆಟ 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ ಅದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಮಣ್ಣು, ಕಲ್ಲು, ಮರ, ನೀರು ಎಲ್ಲವೂ ಇಲ್ಲಿ ಇಟ್ಟಿಗೆಯಂತಹ ಘನಗಳು. ಅಗೆಯಬಹುದು, ಪೇರಿಸಬಹುದು, ಮನೆ, ಗುಡಿ, ಸೇತುವೆ ಏನನ್ನಾದರೂ ಕಟ್ಟಬಹುದು.

ಹುಡುಗ ಅದರಲ್ಲಿ ಕೊಂಡಜ್ಜಿಯನ್ನೇ ಕಟ್ಟಲು ಹೊರಟಿದ್ದ. ಸುತ್ತ ಗುಡ್ಡ, ನಡುವೆ ಕೆರೆ, ಕೆರೆಗೆ ಏರಿ. ಆ ಆಟದಲ್ಲಿ ಎರಡು ಮನೆ ಉದ್ದ, ಎರಡು ಮನೆ ಅಗಲದ ಹೊಂಡ ತೋಡಿ ಎದುರು ಮೂಲೆಗಳಲ್ಲಿ ಎರಡು ಬಕೆಟ್ ನೀರು ಸುರಿದರೆ ಸಾಕು. ಎಷ್ಟು ಮೊಗೆದರೂ ಆ ನೀರು ತೀರುವುದಿಲ್ಲ. ಇದನ್ನು ತೋರಿಸಿ ಹಿಗ್ಗಿದ ಹುಡುಗ ನನ್ನನ್ನು ಕೇಳಿದ: “ಅಜ್ಜ, ನಮ್ಮ ಕೆರಿಗೆ ನೀರು ಎಲ್ಲಿಂದ ಬರ್ತೈತಿ?” ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲೆಂದು ಮರುದಿನ ಬೆಳಿಗ್ಗೆ ಇಬ್ಬರೂ ಏರಿಯ ಮೇಲೆ ನಡೆದೆವು. ಮಳೆ ಬಿದ್ದಾಗ ಗುಡ್ಡದ ನೀರು ಯಾವ ಕಡೆಯಿಂದ ಇಳಿದೀತು, ಗದ್ದೆಗೆ ನೀರು ಬಿಡಲು ತೂಬು ಏಕೆ ಬೇಕು, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇಲ್ಲದಿದ್ದರೆ ಏರಿಗೆ ಏನಾದೀತು ಎಂಬುದನ್ನೆಲ್ಲ ವಿವರಿಸಿದೆ. ಮಳೆಯಿಲ್ಲದ ವರ್ಷ ಕೆರೆಯ ತಳ ಬಿರುಕು ಬಿಡುವ ಬಗೆಯನ್ನೂ ಹೇಳಿದೆ. ಮನೆಗೆ ಬಂದವನೇ ತನ್ನ ಆಟದ ಕೆರೆಗೆ ತೂಬನ್ನೂ ಕೋಡಿಯನ್ನೂ ಕಟ್ಟಿದ. ಶಾಲೆಯ ಪುಸ್ತಕದಲ್ಲಿ ಕೆರೆಯ ಚಿತ್ರವನ್ನು ಹಲವು ಬಾರಿ ನೋಡಿದವನು ಆ ಪ್ರಶ್ನೆಯನ್ನು ಕೇಳಿರಲಿಲ್ಲ. ತಾನೇ ಕಟ್ಟತೊಡಗಿದಾಗ ಕೇಳಿದ. ಆದರೆ ಪಕ್ಕದಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರದಿದ್ದರೆ ಆ ಪ್ರಶ್ನೆ ಅಲ್ಲಿಯೇ ಅಡಗಿಹೋಗುತ್ತಿತ್ತು.

ಮೊಮ್ಮಗಳು ತೋರಿಸಿದ ಆಟ ‘ರಾಜಿ’. ಪುಣೆಯ ತಂಡವೊಂದು ರಚಿಸಿ 2020ರಲ್ಲಿ ಹೊರತಂದ ಇದರಲ್ಲಿ, ಅಸುರರು ಅಪಹರಿಸಿದ ತಮ್ಮನನ್ನು ಹುಡುಕಿ ಹೊರಡುವ ಬಾಲಕಿಯೊಬ್ಬಳು ದುರ್ಗೆಯ ಅನುಗ್ರಹದಿಂದ ಹೋರಾಡುತ್ತಾಳೆ. ಕೋಟೆ ಕೊತ್ತಲಗಳು, ಭಿತ್ತಿಚಿತ್ರಗಳು, ಪುರಾಣದ ಕಥೆಗಳು ಕಣ್ಣಿಗೆ ಹಬ್ಬ. ನನ್ನ ಬೆರಳುಗಳ ವೇಗ ಸಾಲದೆ ಅಸುರರ ಕೈಯಲ್ಲಿ ಹಲವು ಬಾರಿ ಸತ್ತೆನಾದರೂ, ನಮ್ಮ ಕಥೆಗಳನ್ನು ಈ ಮಾಧ್ಯಮದಲ್ಲಿಯೂ ಘನತೆಯಿಂದ ಹೇಳಲು ಸಾಧ್ಯವೆಂಬುದು ಮನದಟ್ಟಾಯಿತು.

ಎಚ್ಚರಿಕೆಯ ಮಾತು

ಇಷ್ಟು ಪೂರ್ವಪಕ್ಷವಾಯಿತು. ಇನ್ನು ಇನ್ನೊಂದು ಮಗ್ಗುಲು. ನೂರು ಜನರನ್ನು ಒಂದು ದ್ವೀಪದಲ್ಲಿ ಇಳಿಸಿ, ಒಬ್ಬನು ಉಳಿಯುವವರೆಗೆ ಗುಂಡು ಹಾರಿಸುವ ಆಟಗಳನ್ನೂ ನೋಡಿದೆ. ‘ಪಬ್‌ಜಿ ಮೊಬೈಲ್’ ಎಂಬುದನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. 2021ರಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಿಂದ ಬಂತು. ಇವುಗಳನ್ನು ಆಡಲು ಹಣ ಬೇಡ. ಆದರೆ ಆಟದೊಳಗೆ ಅಂಗಡಿಯಿದೆ. ಯೋಧನ ಉಡುಪು, ಬಂದೂಕಿನ ಬಣ್ಣ, ಒಳಗೇನಿದೆಯೆಂದು ಗೊತ್ತಿಲ್ಲದ ಪೆಟ್ಟಿಗೆ ಎಲ್ಲಕ್ಕೂ ಬೆಲೆಯಿದೆ. ಪೆಟ್ಟಿಗೆಯಲ್ಲಿ ಒಮ್ಮೆ ಬೆಲೆಬಾಳುವುದು ಸಿಕ್ಕೀತು, ಹತ್ತು ಬಾರಿ ಸಿಗಲಾರದು. ಯಾವಾಗ ಸಿಕ್ಕೀತೆಂಬುದು ತಿಳಿಯದಿರುವುದೇ ಮನಸ್ಸನ್ನು ಕಟ್ಟಿಹಾಕುತ್ತದೆ. ಜೂಜಿನ ಗುಟ್ಟೂ ಇದೇ.

ನಾನು ಬಲ್ಲ ಒಂದು ರೈತಕುಟುಂಬದಲ್ಲಿ ಮೆಕ್ಕೆಜೋಳ ಮಾರಿದ ಹಣದಲ್ಲಿ ಒಂದು ಪಾಲು ಹೀಗೆಯೇ ಕರಗಿತು. ತಂದೆಯ ಫೋನು, ತಂದೆಯ ಖಾತೆ, ಗುಪ್ತಸಂಖ್ಯೆ ಮಗನಿಗೆ ಗೊತ್ತು. ವಿಷಯ ಬಯಲಾದ ದಿನ ಹುಡುಗ ಏಟು ತಿಂದ, ತಾಯಿ ಕಣ್ಣೀರಿಟ್ಟಳು. ಅವನು ಆಡುತ್ತಿದ್ದ ಆಟದ ಹೆಸರೇನೆಂದು ಮನೆಯಲ್ಲಿ ಯಾರನ್ನು ಕೇಳಿದರೂ ಉತ್ತರವಿರಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಅವನು ಅದನ್ನು ಆಡಿದ್ದ.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ತಂದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಅಂಗೀಕರಿಸಿತು. ಅಂತಹ ಆಟ ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ಕೇವಲ ಉಡುಪು, ಆಯುಧಗಳನ್ನು ಮಾರುವ ಆಟಗಳ ವಿಚಾರ ಬೇರೆ. ಅಲ್ಲಿ ಮನೆಯ ಹಿರಿಯರೇ ಕಾವಲು ಕಾಯಬೇಕು.

ಮನೆಯವರು ಮಾಡಬೇಕಾದುದು

ಆಡುವ ಮಕ್ಕಳೆಲ್ಲರೂ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವನ್ನೂ ಸೇರಿಸಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲಿನ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡದೆ ಮುಂದುವರಿಸುವುದು. ಸಾಮಾನ್ಯವಾಗಿ ಈ ಸ್ಥಿತಿ 12 ತಿಂಗಳಾದರೂ ಕಂಡುಬಂದಿರಬೇಕು. ಇಂತಹವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಸಂಕೋಚವಿರುವವರು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಮೈಯ ಕಾಯಿಲೆಗೆ ವೈದ್ಯರಲ್ಲಿಗೆ ಹೋಗುವಂತೆಯೇ ಇದಕ್ಕೂ ಹೋಗಬೇಕು. ಮನೆತನದ ಮಾನದ ಮಾತು ಇಲ್ಲಿ ಬರಬಾರದು.

ಉಳಿದ ಮನೆಗಳಿಗೆ ನನ್ನ ಅನುಭವದಿಂದ ಕೆಲವು ಸೂಚನೆಗಳು. ಮಗು ಆಡುವ ಆಟದ ಹೆಸರು ತಿಳಿದುಕೊಳ್ಳಿರಿ. ವಾರಕ್ಕೊಮ್ಮೆಯಾದರೂ ಜೊತೆಗೆ ಕುಳಿತು ಆಡಿರಿ. ಹಣದ ವ್ಯವಹಾರವಿರುವ ಫೋನನ್ನು ಆಟಕ್ಕೆ ಕೊಡಬೇಡಿರಿ, ಗುಪ್ತಸಂಖ್ಯೆಯನ್ನಂತೂ ಹೇಳಲೇಬೇಡಿರಿ. ಎಷ್ಟು ಹೊತ್ತೆಂಬುದನ್ನು ಆಟಕ್ಕೆ ಮೊದಲೇ ನಿಗದಿಮಾಡಿರಿ. ಇತರರೊಡನೆ ಕೂಡಿ ಆಡುವ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ಫೋನು ಕಸಿದುಕೊಳ್ಳುವ ಬದಲು, ಇದೊಂದು ಸರದಿ ಮುಗಿದ ಮೇಲೆ ಏಳಬೇಕೆಂದು ಮುಂಚಿತವಾಗಿ ತಿಳಿಸಿದರೆ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಪ್ರಸಾದದ ಹೊತ್ತಿನಲ್ಲಿ ಮನೆಯ ಯಾರ ಕೈಯಲ್ಲಿಯೂ ಫೋನು ಬೇಡ. ತಂದೆಯು ಊಟದ ನಡುವೆ ಪರದೆ ನೋಡುತ್ತ ಮಗನಿಗೆ ನೋಡಬೇಡವೆಂದರೆ ಆ ಮಾತಿಗೆ ತೂಕವಿರುವುದಿಲ್ಲ.

ಕೊನೆಯದಾಗಿ, ಆಟಕ್ಕೆ ಆಟವೇ ಮದ್ದು. ನಮ್ಮ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಆ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು 1908ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಆಟಗಳನ್ನೇ ಬಳಸಿದರು. ಅವುಗಳಲ್ಲೊಂದು ಹೀಗಿದೆ: ಒಂದು ತಟ್ಟೆಯಲ್ಲಿ ಬಗೆಬಗೆಯ ಸಣ್ಣ ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಕಂಡುದನ್ನೆಲ್ಲ ನೆನಪಿನಿಂದ ಬರೆಯಿಸುವುದು. ಇದಕ್ಕೆ ಖರ್ಚಿಲ್ಲ. ಅಡುಗೆಮನೆಯ ತಟ್ಟೆ, ಕೀಲಿಕೈ, ಗುಂಡಿ, ಲವಂಗ, ಕವಡೆ ಇಷ್ಟಿದ್ದರೆ ಸಾಕು. ನಮ್ಮ ಮನೆಯಲ್ಲಿ 24 ವಸ್ತುಗಳನ್ನಿಟ್ಟು ಆಡಿದಾಗ ಮೊಮ್ಮಗ 19 ಬರೆದ, ನಾನು 14. ಈ ದೀಪಾವಳಿಗೆ ಬಂದಾಗ ಮತ್ತೆ ಆಡೋಣವೆಂದು ಅವನೇ ಹೇಳಿ ಹೋಗಿದ್ದಾನೆ. ವಾಚಕರೂ ತಮ್ಮ ಮನೆಯಲ್ಲಿ ಒಂದು ಸಂಜೆ ಆಡಿ ನೋಡಲೆಂದು ವಿನಂತಿಸುತ್ತೇನೆ.