ಪೋಷಕರ ವ್ಯಾಜ್ಯದಲ್ಲಿ ಮಗುವಿನ ಮನೋಚಿಕಿತ್ಸಕರ ಪಾತ್ರ

ಹುಟ್ಟೂರನ್ನು ಬಿಟ್ಟು ಅಮೆರಿಕದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಅಜ್ಜ-ಅಜ್ಜಿಯರಾಗಲಿ ಸೋದರಮಾವನಾಗಲಿ ಇರುವುದು ಅಪರೂಪ. ದಂಪತಿಗಳಲ್ಲಿ ಬಿರುಕು ಮೂಡಿದಾಗ ಮಗು ತನ್ನ ದುಃಖವನ್ನು ಹೇಳಿಕೊಳ್ಳುವುದು ಅನೇಕ ವೇಳೆ ಮನೋಚಿಕಿತ್ಸಕರ, ಅಂದರೆ ಥೆರಪಿಸ್ಟರ, ಮುಂದೆ ಮಾತ್ರ. ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ನ್ಯಾಯಾಲಯವನ್ನು ಮುಟ್ಟಿದಾಗ ಇವರಿಂದ ಏನನ್ನು ಅಪೇಕ್ಷಿಸಬಹುದು, ಏನನ್ನು ಅಪೇಕ್ಷಿಸಬಾರದು ಎಂಬುದನ್ನು ವಿಚಾರ ಮಾಡೋಣ.

ಇಲ್ಲಿ ಎರಡು ಪಾತ್ರಗಳಿವೆ. ಮೊದಲನೆಯವರು ನ್ಯಾಯಾಲಯ ನೇಮಿಸುವ ಮೌಲ್ಯಮಾಪಕರು. ಕ್ಯಾಲಿಫೋರ್ನಿಯದಲ್ಲಿ ಸಾಕ್ಷ್ಯ ಸಂಹಿತೆಯ 730ನೆಯ ವಿಧಿಯಂತೆ ಇಂಥ ತಜ್ಞರನ್ನು ನೇಮಿಸಬಹುದು. ಅವರು ತಂದೆ, ತಾಯಿ, ಮಗು ಮೂವರನ್ನೂ ಕಂಡು, ಶಾಲೆಯ ದಾಖಲೆಗಳನ್ನು ಪರಿಶೀಲಿಸಿ ವರದಿ ನೀಡುತ್ತಾರೆ. ತೀರ್ಮಾನ ಮಾತ್ರ ನ್ಯಾಯಾಧೀಶರದು. ಎರಡನೆಯವರು ಮಗುವಿಗೆ ಚಿಕಿತ್ಸೆ ನೀಡುವವರು. ಇವರು ಮಗುವಿನ ಪಕ್ಕದಲ್ಲಿ ಕುಳಿತು ಕೇಳುವವರೇ ಹೊರತು ಕೇಳಿದ್ದರ ಸತ್ಯಾಸತ್ಯಗಳನ್ನು ತನಿಖೆ ಮಾಡುವವರಲ್ಲ. ಒಬ್ಬರೇ ಈ ಎರಡೂ ಪಾತ್ರಗಳನ್ನು ವಹಿಸಬಾರದೆಂಬುದು ಈ ವೃತ್ತಿಯ ಮುಖ್ಯ ನಿಯಮ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 1994ರಲ್ಲಿ ಪ್ರಕಟಿಸಿ, 2022ರಲ್ಲಿ ಮತ್ತೆ ಪರಿಷ್ಕರಿಸಿದ ಮಾರ್ಗಸೂಚಿಗಳೂ ಈ ಎಚ್ಚರವನ್ನು ಹೇಳುತ್ತವೆ.

ಆದುದರಿಂದ "ತಾಯಿಯ ಬಳಿಯೇ ಇರಲಿ ಎಂದು ಬರೆದುಕೊಡಿ" ಎಂದು ಚಿಕಿತ್ಸಕರನ್ನು ಕೇಳುವುದು ಸಲ್ಲದು. ತಂದೆಯನ್ನು ಕಂಡೇ ಇರದವರು ತಂದೆಯ ಯೋಗ್ಯತೆಯನ್ನು ಹೇಗೆ ಅಳೆದಾರು? ಮಗುವಿನ ನಿದ್ರೆ, ಭಯ, ಚೇತರಿಕೆಗಳ ಬಗ್ಗೆ ತಾವು ಕಂಡದ್ದನ್ನು ಕಾನೂನು ಅನುಮತಿಸಿದಷ್ಟು ಅವರು ಹೇಳಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಸಕಾರಣ ಸಂಶಯ ಬಂದರೆ ಮಾತ್ರ ಮಾತು ಬೇರೆ. ಆಗ ಅಧಿಕಾರಿಗಳಿಗೆ ತಿಳಿಸುವುದು ಅವರ ಕರ್ತವ್ಯ.

ಗೋಪ್ಯತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಚಿಕಿತ್ಸಕರೊಡನೆ ಆಡಿದ ಮಾತಿಗೆ ರಕ್ಷಣೆಯುಂಟೆಂದು ಅಮೆರಿಕದ ಸುಪ್ರೀಂ ಕೋರ್ಟು ಫೆಡರಲ್ ನ್ಯಾಯಾಲಯಗಳ ಮಟ್ಟಿಗೆ 1996ರಲ್ಲಿ ಜಾಫಿ ಮತ್ತು ರೆಡ್ಮಂಡ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮಕ್ಕಳ ಪಾಲನೆಯ ದಾವೆಗಳಾದರೋ ರಾಜ್ಯಗಳ ಕಾನೂನಿಗೆ ಒಳಪಟ್ಟವು. ಮೇರಿಲೆಂಡಿನ ಉಚ್ಚತಮ ನ್ಯಾಯಾಲಯ 1983ರಲ್ಲಿ ಒಂದು ವಿವೇಕದ ಮಾತನ್ನಾಡಿತು: ತಂದೆತಾಯಿಗಳೇ ಮಗುವಿಗಾಗಿ ಹೋರಾಡುತ್ತಿರುವಾಗ ಮಗುವಿನ ಗೋಪ್ಯತೆಯ ಹಕ್ಕನ್ನು ಚಲಾಯಿಸುವ ಇಲ್ಲವೆ ಬಿಟ್ಟುಕೊಡುವ ಅಧಿಕಾರ ಇಬ್ಬರಿಗೂ ಇಲ್ಲ, ಅದಕ್ಕೆ ಬೇರೊಬ್ಬ ರಕ್ಷಕರನ್ನು ನೇಮಿಸಬೇಕು. ತಾನು ಅಳುತ್ತ ಹೇಳಿದ್ದನ್ನು ವಕೀಲರು ಓದಿದರೆಂದು ತಿಳಿದ ಎಂಟು ವರ್ಷದ ಮಗು ಮುಂದಿನ ವಾರ ಬಾಯಿ ಬಿಡುವುದೇ?

ಹೀಗಿರುವಾಗ ನಾವು ಮಾಡಬೇಕಾದುದೇನು? ಮೊದಲ ಭೇಟಿಯಲ್ಲಿಯೇ ಚಿಕಿತ್ಸಕರ ಪಾತ್ರವೇನೆಂಬುದನ್ನು ಬರಹದಲ್ಲಿ ಪಡೆಯೋಣ. ಹಿಂದಿರುಗುವಾಗ ಕಾರಿನಲ್ಲಿ "ಏನು ಹೇಳಿದೆ?" ಎಂದು ಮಗುವನ್ನು ಕೆದಕದಿರೋಣ. ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಪ್ರತ್ಯೇಕ ಮೌಲ್ಯಮಾಪಕರಿಗಾಗಿ ನ್ಯಾಯಾಲಯವನ್ನು ಕೇಳೋಣ. ಮಗು ತಂದೆತಾಯಿಗಳ ಮಗ್ಗುಲಲ್ಲಿ ಮಲಗುವುದು, ಅಜ್ಜಿ ಕೈತುತ್ತು ಕೊಡುವುದು ಮೊದಲಾದ ನಮ್ಮ ರೂಢಿಗಳನ್ನು ಅವರಿಗೆ ಬಿಡಿಸಿ ಹೇಳೋಣ. ದಂಪತಿಗಳ ದಾವೆ ಒಂದು ದಿನ ಮುಗಿಯುತ್ತದೆ. ಮನಸ್ಸು ಬಿಚ್ಚಿ ಮಾತನಾಡಲು ಮಗುವಿಗೆ ಇರುವ ಆ ಒಂದು ಕೋಣೆ ಅನಂತರವೂ ಅದಕ್ಕೆ ಉಳಿದಿರಬೇಕು.